ನಾಯಿಮರಿ ತರುವ ಮುಂಚೆ ಹತ್ತು ವರ್ಷದ ಲೆಕ್ಕ

ಊರಲ್ಲಿ ನಾಯಿಗೆಂದು ಯಾರೂ ಬಜೆಟ್ ಹಾಕುತ್ತಿರಲಿಲ್ಲ. ಮಿಕ್ಕ ಅನ್ನ-ಮಜ್ಜಿಗೆಯೋ ಮುದ್ದೆಯೋ ತಿಂದು ಜಗಲಿಯ ಮೇಲೆ ಮಲಗುತ್ತಿತ್ತು. ನಾವು ಊರಿಗೆ ಹೊರಟರೆ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಪುಣೆಯ ಫ್ಲ್ಯಾಟಿನಲ್ಲಿ ಆ ಜಗಲಿಯೂ ಇಲ್ಲ, ಆ ಪಕ್ಕದ ಮನೆಯೂ ಇಲ್ಲ. ಇಲ್ಲಿ ಎಲ್ಲಕ್ಕೂ ದುಡ್ಡು ಕೊಡಬೇಕು.

ಮರಿ ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಮರಿಯ ಬೆಲೆ. ಅದು ಒಂದು ಸಲ ಕೊಟ್ಟರೆ ಮುಗಿಯಿತು. ಆದರೆ ಲ್ಯಾಬ್ರಡಾರ್ ನಮ್ಮ ಜೊತೆ ಇರುವುದು 10ರಿಂದ 12 ವರ್ಷ. ಬೆಳೆದ ನಾಯಿಗೆ ದಿನಕ್ಕೆ ಸುಮಾರು 350 ಗ್ರಾಂ ಒಣ ಆಹಾರ ಬೇಕು. ಕಿಲೋಗೆ 300 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 3,150 ರೂಪಾಯಿ. ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ಉಣ್ಣೆ ಹುಳುವಿನ ಔಷಧಿ, ವರ್ಷವರ್ಷವೂ ರೇಬಿಸ್ ಮತ್ತು ಇತರ ಲಸಿಕೆ, ಪಾಲಿಕೆಯ ಲೈಸೆನ್ಸ್, ಸ್ನಾನ, ಉಗುರು ಎಲ್ಲ ಸೇರಿಸಿ ತಿಂಗಳಿಗೆ 5,000 ಎಂದಿಟ್ಟುಕೊಳ್ಳಿ. ಮೊದಲ ವರ್ಷ ಇನ್ನೂ ಜಾಸ್ತಿ. 16 ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಲಸಿಕೆ ಕೊಡಿಸಬೇಕು, ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ.

ಹೊರನಾಡಿನಲ್ಲಿರುವ ನಾವು ಮರೆಯುವ ಖರ್ಚು ಒಂದಿದೆ: ಊರಿಗೆ ಹೋಗುವಾಗ ನಾಯಿಯನ್ನು ಏನು ಮಾಡುವುದು? ರೈಲಿನ ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಫಸ್ಟ್ ಎಸಿಯಲ್ಲಿ ಇಡೀ ಕೂಪೆಯೋ ಕ್ಯಾಬಿನ್ನೋ ನಮ್ಮ ಹೆಸರಲ್ಲಿರಬೇಕು. ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಅದೊಂದೇ ಪ್ರಯಾಣ ಮಾಡಬೇಕು. ಹಾಗಾಗಿ ಹೆಚ್ಚಿನವರು ಬೋರ್ಡಿಂಗ್‌ನಲ್ಲಿ ಬಿಡುತ್ತಾರೆ. ದಸರಾಕ್ಕೆ ಹತ್ತು ದಿನ, ಬೇಸಿಗೆಗೆ ಹತ್ತು ದಿನ, ದಿನಕ್ಕೆ 800 ಎಂದರೆ ವರ್ಷಕ್ಕೆ 16,000. ಎಲ್ಲ ಕೂಡಿಸಿದರೆ ವರ್ಷಕ್ಕೆ 76,000, ಹತ್ತು ವರ್ಷಕ್ಕೆ 7,60,000. ಇದರಲ್ಲಿ ಬೆಲೆಯೇರಿಕೆಯೂ ಇಲ್ಲ, ಕಾಯಿಲೆಯ ಖರ್ಚೂ ಇಲ್ಲ.

ನಿಮ್ಮ ನಗರದ ದರ ಬೇರೆ ಇರಬಹುದು, ನಿಮ್ಮದೇ ಅಂಕಿಗಳನ್ನು ಹಾಕಿ ನೋಡಿ. ದೇಸಿ ಮರಿಯನ್ನು ದತ್ತು ತಂದರೆ ಕೊಳ್ಳುವ ಬೆಲೆ ಉಳಿಯುತ್ತದೆ, ಗಾತ್ರ ಚಿಕ್ಕದಾದರೆ ಊಟದ ಖರ್ಚೂ ಇಳಿಯುತ್ತದೆ. ಲಸಿಕೆ ಮತ್ತು ಬೋರ್ಡಿಂಗ್ ಮಾತ್ರ ತಪ್ಪುವುದಿಲ್ಲ.

ನನ್ನ ಸಲಹೆ ಇಷ್ಟೇ. ಮರಿ ತರುವ ಮುಂಚೆ ಮೂರು ತಿಂಗಳು, ಸಂಬಳ ಬಂದ ದಿನವೇ 6,500 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿ. ಮನೆ ಸಾಲದ ಕಂತು, ಶಾಲೆಯ ಫೀಸು ಕಟ್ಟಿಯೂ ಅದನ್ನು ಮುಟ್ಟದೆ ಇರಲು ಆಯಿತೇ? ಹಾಗಿದ್ದರೆ ಮರಿ ತನ್ನಿ. ಕೂಡಿದ 19,500 ರೂಪಾಯಿ ತುರ್ತು ನಿಧಿಯಾಗಿ ಇರಲಿ. ಮರಿಗೆ ಪಾರ್ವೊ ಬಂದರೆ ದಿನಗಟ್ಟಲೆ ಡ್ರಿಪ್ ಹಾಕಿಸಬೇಕಾಗುತ್ತದೆ, ಕಾಲುಚೀಲ ನುಂಗಿದರೆ ಆಪರೇಷನ್‌ವರೆಗೂ ಹೋಗಬಹುದು.

ನಮ್ಮ ಕ್ಷೇತ್ರದಲ್ಲಿ ಕೆಲಸ ಹೋಗುವುದೂ ಉಂಟು, ದಿಢೀರನೆ ಆನ್‌ಸೈಟ್ ಬರುವುದೂ ಉಂಟು. ಆಗ ನಾಯಿ ಯಾರ ಬಳಿ ಇರಬೇಕೆಂದು ಇವತ್ತೇ ಒಬ್ಬರನ್ನು ಕೇಳಿ ಒಪ್ಪಿಸಿಟ್ಟುಕೊಳ್ಳಿ. ಹಸಿವು-ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲೇ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವುದು ಗೊತ್ತಿರುವುದಿಲ್ಲ.

ಮೂರು ತಿಂಗಳ ಪರೀಕ್ಷೆಯಲ್ಲಿ ಹಣ ಉಳಿಯದಿದ್ದರೂ ಬೇಜಾರಿಲ್ಲ. ಭಾನುವಾರ ಮಕ್ಕಳನ್ನು ಹತ್ತಿರದ ಶೆಲ್ಟರ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ನಾಯಿಗಳನ್ನು ವಾಕಿಂಗ್ ಮಾಡಿಸುವವರು ಯಾವಾಗಲೂ ಬೇಕಿರುತ್ತಾರೆ.