ರೆಪ್ಪೆಯ ಹಳದಿ ಕಲೆ: ತೆಗೆಸುವ ಮುನ್ನ

ಪ್ರಾತಃಕಾಲ ಸ್ನಾನ ಮುಗಿಸಿ ವಿಭೂತಿ ಧರಿಸಲು ಕನ್ನಡಿಯ ಮುಂದೆ ನಿಂತವರಿಗೆ ಒಂದು ದಿನ ಮೂಗಿನ ಬದಿಯ ರೆಪ್ಪೆಯ ಮೇಲೆ ಹಳದಿ ಬಣ್ಣದ ಮೆತ್ತನೆಯ ಕಲೆಯೊಂದು ಕಾಣಿಸೀತು. ನೋವಿಲ್ಲ, ತುರಿಕೆಯಿಲ್ಲ. ಅಂದಕ್ಕೆ ಒದಗಿದ ಕುಂದೆಂದಷ್ಟೇ ತಿಳಿದು, ಮನೆಯಲ್ಲಿ ಮದುವೆ ನಿಶ್ಚಯವಾದೊಡನೆ ಅದನ್ನು ತೆಗೆಸಲು ನಾವು ಅವಸರಪಡುತ್ತೇವೆ. ವೈದ್ಯರು ಇದನ್ನು ಜ್ಯಾಂಥೆಲಾಸ್ಮ ಎನ್ನುತ್ತಾರೆ. ಕೊಲೆಸ್ಟರಾಲ್ ತುಂಬಿದ ಜೀವಕೋಶಗಳು ಚರ್ಮದೊಳಗೆ ಶೇಖರವಾಗುವುದೇ ಇದರ ಕಾರಣ.

ತೆಗೆಯುವ ವಿಧಾನಗಳು ಹಲವು. ಕಲೆ ದೊಡ್ಡದಾಗಿ ಆಳಕ್ಕಿಳಿದಿದ್ದರೆ ಶಸ್ತ್ರಕ್ರಿಯೆ ಸೂಕ್ತ. ಆದರೆ ಚರ್ಮವನ್ನು ಅತಿಯಾಗಿ ಕತ್ತರಿಸಿದರೆ ರೆಪ್ಪೆ ಸೆಳೆದುಕೊಳ್ಳುವ ಭಯವುಂಟು. ಸಣ್ಣ, ತೆಳು ಕಲೆಗಳಿಗೆ ಟ್ರೈಕ್ಲೋರೋ ಅಸಿಟಿಕ್ ಆಮ್ಲದ ಲೇಪನವಿದೆ. ವೆಚ್ಚ ಕಡಿಮೆ, ಆದರೆ ಹಲವು ಬಾರಿ ಹಚ್ಚಿಸಬೇಕಾದೀತು, ನುರಿತ ವೈದ್ಯರೇ ಹಚ್ಚಬೇಕು. ಲೇಸರ್ ಚಿಕಿತ್ಸೆಯಲ್ಲಿ ಹೊಲಿಗೆಯಿಲ್ಲ, ರಕ್ತಸ್ರಾವ ಅತ್ಯಲ್ಪ, ವೆಚ್ಚ ಅಧಿಕ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ವಿಧಾನದಲ್ಲಿ ರೆಪ್ಪೆ ಬಾತುಕೊಳ್ಳುವುದುಂಟು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಈ ಎಲ್ಲ ವಿಧಾನಗಳೂ ಕಪ್ಪು ಅಥವಾ ಬಿಳಿಯ ಗುರುತನ್ನು ಉಳಿಸಬಹುದು. ಬೆಳ್ಳುಳ್ಳಿ ಅರೆದು ಹಚ್ಚುವುದು ಮಾತ್ರ ಸರ್ವಥಾ ಬೇಡ. ಚರ್ಮ ಸುಟ್ಟು ಕಣ್ಣಿಗೂ ಅಪಾಯವಾದೀತು.

ಯಾವ ವಿಧಾನವೂ ಕಲೆ ಮರಳುವುದಿಲ್ಲವೆಂಬ ಭರವಸೆ ನೀಡದು. 1976ರಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ ಮೊದಲ ಶಸ್ತ್ರಕ್ರಿಯೆಯ ನಂತರವೂ ಶೇಕಡಾ 40ರಷ್ಟು ರೋಗಿಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿತ್ತು.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ 12,745 ಜನರನ್ನು 1976ರಿಂದ 2009ರವರೆಗೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಲೆಯುಳ್ಳವರಿಗೆ ಹೃದಯಾಘಾತದ ಸಂಭವ ಉಳಿದವರಿಗಿಂತ ಹೆಚ್ಚೆಂದು ಕಂಡುಬಂದಿತು. ರಕ್ತದ ಕೊಲೆಸ್ಟರಾಲ್ ಮಟ್ಟವನ್ನು ಲೆಕ್ಕಕ್ಕೆ ಹಿಡಿದಾಗಲೂ ಈ ಸಂಬಂಧ ಉಳಿಯಿತು. ಕಲೆಯುಳ್ಳವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಕೊಬ್ಬಿನಂಶ ಸಹಜವಾಗಿಯೇ ಇರುತ್ತದೆ. ಅಂಥವರೂ ವೈದ್ಯರ ಸಲಹೆ ಪಡೆಯಬೇಕು.

"ನಾವು ಶಾಕಾಹಾರಿಗಳು, ನಮಗೆಲ್ಲಿಯ ಕೊಲೆಸ್ಟರಾಲ್?" ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಕೊಲೆಸ್ಟರಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ತುಪ್ಪ, ಬೆಣ್ಣೆ, ವನಸ್ಪತಿಗಳು ಅದನ್ನು ಹೆಚ್ಚಿಸುತ್ತವೆ. ಕೆಲವು ಮನೆತನಗಳಲ್ಲಿ ಇದು ವಂಶಪಾರಂಪರ್ಯವಾಗಿಯೂ ಬರುತ್ತದೆ.

ಆದುದರಿಂದ ಮೊದಲು ರಕ್ತದ ಕೊಬ್ಬು, ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆಯಾಗಲಿ. ವೈದ್ಯರು ಸ್ಟ್ಯಾಟಿನ್ ಗುಳಿಗೆ ಬರೆದುಕೊಟ್ಟರೆ, ಕಲೆ ಕರಗಲಿಲ್ಲವೆಂದು ಅದನ್ನು ಬಿಡದಿರೋಣ. ಆ ಗುಳಿಗೆ ಇರುವುದು ಹೃದಯದ ರಕ್ಷಣೆಗೆ. ರೆಪ್ಪೆಯ ಚಿಕಿತ್ಸೆಯನ್ನು ಅನಂತರ, ವಿರಾಮವಾಗಿ ಯೋಚಿಸಿದರಾಯಿತು. ಇಷ್ಟಲಿಂಗವನ್ನು ಧರಿಸಿದ ಈ ಕಾಯವನ್ನು ಕಾಪಾಡಿಕೊಳ್ಳುವುದೂ ಶರಣರ ಮಾರ್ಗದಲ್ಲಿ ನಡೆಯುವ ನಮ್ಮೆಲ್ಲರ ಕರ್ತವ್ಯವೇ ಆಗಿದೆ.