ದೇವಿಯ ಹೆಸರು ಹಾಡಿದರೆ ಸಾಕೇ?



ಅಮೆರಿಕದ ಮಹಿಳಾ ಚಳವಳಿಯಲ್ಲಿ 1980ರ ದಶಕದಲ್ಲಿ ಒಂದು ಸಮೂಹಗಾನ ಹರಡಿತು. ಕವಯಿತ್ರಿ ಡೀನಾ ಮೆಟ್ಜರ್ ರಚಿಸಿದ್ದು. ಅದರಲ್ಲಿರುವುದು ಬರೀ ಏಳು ದೇವಿಯರ ಹೆಸರು. ಈಜಿಪ್ಟಿನ ಐಸಿಸ್, ಗ್ರೀಸಿನ ಡಿಮೀಟರ್, ಇಂದಿನ ಇರಾಕ್ ನೆಲದ ಇನಾನ್ನಾ, ಅವರೊಂದಿಗೆ ನಮ್ಮ ಕಾಳಿ! ಹೆಂಗಸರು ಒಟ್ಟಾಗಿ ಅದನ್ನೇ ಮತ್ತೆ ಮತ್ತೆ ಹಾಡುತ್ತಾರೆ.

ದೇವರೆಂದರೆ ಗಂಡೇ ಎಂದು ಕೇಳಿ ಬೆಳೆದವರಿಗೆ ಅದರಿಂದ ಧೈರ್ಯ ಸಿಕ್ಕಿರಬಹುದು. ನಾನು ಅಲ್ಲಗಳೆಯುವುದಿಲ್ಲ. ಆದರೆ ನಮಗೆ ದೇವಿಯರ ಕೊರತೆ ಎಂದಾದರೂ ಇತ್ತೇ? ಹಾಗಿದ್ದೂ 2022ರ ಒಂದೇ ವರ್ಷದಲ್ಲಿ ದೇಶದ ಪೊಲೀಸ್ ದಾಖಲೆ ಸೇರಿದ ವರದಕ್ಷಿಣೆ ಸಾವುಗಳು 6,000ಕ್ಕೂ ಹೆಚ್ಚು. ಶುಕ್ರವಾರ ಲಕ್ಷ್ಮಿಗೆ ಆರತಿ ಎತ್ತಿದವರೇ ಶನಿವಾರ ಸೊಸೆಯನ್ನು "ತವರಿನಿಂದ ಏನು ತಂದೆ?" ಎಂದು ಕೇಳುತ್ತಾರೆ.

ಹೆಸರು ಹಾಡಿ ಕಥೆ ಮರೆತರೆ ಆಗುವುದು ಹೀಗೆಯೇ. ಡಿಮೀಟರ್ ಪೈರಿನ ದೇವಿ. ಅವಳ ಮಗಳನ್ನು ಪಾತಾಳದ ದೊರೆ ಹೊತ್ತೊಯ್ದ. ಹೆತ್ತ ಅಪ್ಪನೇ ಅದಕ್ಕೆ ಒಪ್ಪಿದ್ದ. ತಾಯಿಯನ್ನೂ ಕೇಳಲಿಲ್ಲ, ಮಗಳನ್ನೂ ಕೇಳಲಿಲ್ಲ. "ಅಳಿಯನೂ ದೊರೆಯೇ, ಸುಮ್ಮನಿರು" ಎಂಬ ಬುದ್ಧಿಮಾತು ಅಲ್ಲೂ ಇತ್ತು. ಡಿಮೀಟರ್ ಸುಮ್ಮನಿರಲಿಲ್ಲ. ಭೂಮಿಯಲ್ಲಿ ಒಂದು ಕಾಳೂ ಮೊಳೆಯದಂತೆ ಮಾಡಿದಳು. ತಮಗೆ ಸಲ್ಲುವ ನೈವೇದ್ಯಕ್ಕೇ ಕುತ್ತು ಬಂದಾಗ ದೇವತೆಗಳು ಮಣಿದರು. ವರ್ಷದ ಹೆಚ್ಚು ಕಾಲ ಮಗಳು ತಾಯಿಯ ಬಳಿ ಇರುವಂತಾಯಿತು.

ಇನಾನ್ನಾಳನ್ನು ಕುರಿತ ಒಂದು ಸ್ತೋತ್ರ, ಸುಮಾರು 4,300 ವರ್ಷಗಳ ಹಿಂದೆ ಉರ್ ನಗರದ ಅರ್ಚಕಿಯಾಗಿದ್ದ ಎನ್‌ಹೆಡುವಾನ್ನಾಳದು ಎನ್ನುತ್ತಾರೆ. ಅದು ಬರೀ ಹೊಗಳಿಕೆಯಲ್ಲ. ತನ್ನನ್ನು ಗುಡಿಯಿಂದ ಹೊರದಬ್ಬಿದ ದೂರು ಅದರಲ್ಲಿದೆ. ದಬ್ಬಿದವನ ಹೆಸರೂ ಇದೆ.

ನಾವು ಏನು ಮಾಡುತ್ತೇವೆ? ಏಟು ತಿಂದು ತವರಿಗೆ ಬಂದ ಮಗಳಿಗೆ "ಹೊಂದಿಕೊಂಡು ಹೋಗಮ್ಮ" ಎಂದು ಬಸ್ಸು ಹತ್ತಿಸುತ್ತೇವೆ. ಡಿಮೀಟರಳ ಕಥೆಯನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಮದುವೆಯಾದ ವಿದ್ಯಾರ್ಥಿನಿಯೊಬ್ಬಳು ಬಾಸುಂಡೆ ತೋರಿಸಿದಾಗ ನಾನೂ ಅದನ್ನೇ ಹೇಳಿ ಕಳಿಸಿದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸಂಘದ ಸಭೆ ದೇವಿಯ ಹಾಡಿನಿಂದಲೇ ಶುರುವಾಗಲಿ. ಹಾಡು ಮುಗಿದೊಡನೆ ಕೇಳಿ: ಇಂದು ಯಾರು ಬಂದಿಲ್ಲ? ಏಕೆ ಬಂದಿಲ್ಲ? ಹತ್ತು ಜನ ಸೇರಿ ಆ ಮನೆ ಬಾಗಿಲಿಗೆ ಹೋಗಿ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅವಳಿಗೆ ಕೊಟ್ಟಿದೆ. ಅವಳು ಬಯಸಿದರೆ 181ಕ್ಕೆ ಫೋನು ಮಾಡಿಸಿ. ವರದಕ್ಷಿಣೆ ಕೊಡಲು ಸಂಘದಿಂದ ಸಾಲವಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಡಿಮೀಟರ್ ಕಾಳು ತಡೆದಳು. ನಾವು ಹಣ ತಡೆಯೋಣ.

ಸಾಲದ ಕಂತಿಗೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಾವು, ಜೀವಕ್ಕೆ ನಿಲ್ಲಲಾರೆವೇ?