ಗಾಳಿ ಹೋದ ಮೇಲೆ

ಮಕ್ಕಳೇ, ಚಂಡಮಾರುತ ಬಂತು, ಹೋಯಿತು. ಬಿದ್ದ ಮರಗಳನ್ನು ಕಡಿದು ದಾರಿ ಬಿಡಿಸಿದರು. ಹಾರಿದ ಹೆಂಚುಗಳನ್ನು ಮತ್ತೆ ಹೊದಿಸಿದರು. ಅಲ್ಲಿಗೆ ಎಲ್ಲವೂ ಮುಗಿಯಿತೇ? “ಹೋದ ಗಾಳಿಯ ಬಗ್ಗೆ ತಿಳಿಯುವುದು ಏನಿದೆ?” ಎಂದು ಕೆಲವರು ಕೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗಾಳಿ ಹೋದ ಮೇಲೆಯೇ ಒಂದು ದೊಡ್ಡ ಕೆಲಸ ಶುರುವಾಗುತ್ತದೆ. ಯಾರಿಗೆ, ಯಾವುದಕ್ಕೆ, ಎಷ್ಟು ಹಾನಿಯಾಯಿತು ಎಂದು ನೋಡಿ ಬರೆದಿಡಬೇಕು.

ಗೋವಾದ ವೆರ್ಣಾ ಊರನ್ನೇ ತೆಗೆದುಕೊಳ್ಳಿ. ಅಲ್ಲಿ ಎತ್ತರದ ಕೆಂಪುಕಲ್ಲಿನ ಬಯಲಿನಲ್ಲಿ ಕಾರ್ಖಾನೆಗಳಿವೆ. ಕೆಳಗೆ ಭತ್ತದ ಗದ್ದೆಗಳೂ ತೆಂಗಿನ ಮರಗಳೂ ಇವೆ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರವಿದೆ. ಕರ್ನಾಟಕದಿಂದ ದುಡಿಯಲು ಬಂದ ಅನೇಕ ಕುಟುಂಬಗಳು ಈ ಭಾಗದಲ್ಲಿ ವಾಸಿಸುತ್ತವೆ.

2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ಗೋವಾದ ಪಕ್ಕದ ಸಮುದ್ರದಲ್ಲಿ ಉತ್ತರಕ್ಕೆ ಸಾಗಿತು. ಮ್ಯಾನ್ಮಾರ್ ದೇಶ ಕೊಟ್ಟ ಈ ಹೆಸರಿಗೆ ಹಲ್ಲಿ ಎಂದು ಅರ್ಥ. ಅದು ದಡ ಸೇರಿದ್ದು ದೂರದ ಗುಜರಾತಿನಲ್ಲಿ. ಆದರೂ ಗೋವಾದಲ್ಲಿ ನೂರಾರು ಮರಗಳು ಬುಡಸಹಿತ ಉರುಳಿದವು. ವಿದ್ಯುತ್ ಕಂಬಗಳು ಮುರಿದು ಅನೇಕ ಊರುಗಳು ಕತ್ತಲೆಯಲ್ಲಿ ಉಳಿದವು. ಅದಕ್ಕೂ ಮೊದಲು, 2019ರ ಅಕ್ಟೋಬರ್‌ನಲ್ಲಿ ‘ಕ್ಯಾರ್’ ಚಂಡಮಾರುತ ಬಂದಿತ್ತು. ಅದು ಭಾರತದ ದಡವನ್ನು ಮುಟ್ಟಲೇ ಇಲ್ಲ. ಆದರೆ ಅದರ ಮಳೆಗೆ ಗೋವಾದಲ್ಲಿ ಕೊಯ್ಲಿಗೆ ಬಂದ ಭತ್ತ ಹಾಳಾಯಿತು.

ನೋಡಿದಿರಾ? ಮೇ ತಿಂಗಳ ಗಾಳಿ ಮರಗಳನ್ನು ಕೆಡವಿತು. ಅಕ್ಟೋಬರ್ ತಿಂಗಳ ಮಳೆ ಗದ್ದೆಯನ್ನು ಕೆಡಿಸಿತು. ಯಾವಾಗ, ಏನು ಹಾನಿಯಾಯಿತು ಎಂದು ಬರೆದಿಟ್ಟರೆ ಮಾತ್ರ ಮುಂದಿನ ಸಲ ಮೊದಲೇ ಎಚ್ಚರವಾಗಿರಬಹುದು.

ಎಲ್ಲ ಹಾನಿಯೂ ಒಂದೇ ಅಲ್ಲ. ಒಡೆದ ಹೆಂಚನ್ನು ಒಂದು ವಾರದಲ್ಲಿ ಬದಲಿಸಬಹುದು. ತೆಂಗಿನ ಮರ ಹಾಗಲ್ಲ. ನಾಟಿ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಮೂರನೆಯ ತರಗತಿಯ ಹುಡುಗಿ ಇಂದು ಸಸಿ ನೆಟ್ಟರೆ, ಅವಳು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅದು ಕಾಯಿ ಬಿಟ್ಟೀತು. ಅಷ್ಟು ವರ್ಷ ಆ ಮನೆಯ ಆದಾಯ ಕಡಿಮೆಯಾಗುತ್ತದೆ.

ಕಾಡಿನ ಕಥೆಯೂ ಹೀಗೆಯೇ. ಮಂಗಟ್ಟೆ ಹಕ್ಕಿ ಹಳೆಯ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಅಂಥ ಮರ ಬಿದ್ದರೆ ಹಕ್ಕಿಯ ಮನೆಯೂ ಹೋಯಿತು. ಸಣ್ಣ ಸಸಿ ನೆಟ್ಟರೆ ಕೂಡಲೇ ಪೊಟರೆ ಸಿಗುವುದಿಲ್ಲ.

ಇನ್ನು ಜನರ ಮಾತು. ಮರದ ಯಜಮಾನನಿಗೆ ನಷ್ಟವಾದರೆ ಅದನ್ನು ಬರೆದುಕೊಳ್ಳುತ್ತಾರೆ. ಆದರೆ ಆ ಮರ ಹತ್ತಿ ಕಾಯಿ ಕೀಳುತ್ತಿದ್ದವನ ಕೂಲಿಯೂ ಹೋಯಿತಲ್ಲವೇ? ತಗಡಿನ ಬಾಡಿಗೆ ಮನೆಯಲ್ಲಿರುವ ಕೂಲಿಕಾರರಿಗೂ ನಷ್ಟವಾಗುತ್ತದೆ. ಇವರ ಹೆಸರು ಜಮೀನಿನ ಕಾಗದದಲ್ಲಿ ಇರುವುದಿಲ್ಲ. ಇವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೆಕ್ಕಕ್ಕೆ ಬಾರದವರಿಗೆ ನೆರವೂ ಸಿಗುವುದು ಕಷ್ಟ.

“ಇದೆಲ್ಲ ವಿಜ್ಞಾನಿಗಳ ಕೆಲಸ” ಎಂದು ನೀವು ಹೇಳಬಹುದು. ನಿಜ. ಪುಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಹಲವು ವರ್ಷಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚುತ್ತಿವೆ ಎಂದು ಅವರಿಗೆ ತಿಳಿಯಿತು. ಹಳೆಯ ದಾಖಲೆ ಇಲ್ಲದಿದ್ದರೆ ಇದು ಹೇಗೆ ಗೊತ್ತಾಗುತ್ತಿತ್ತು? ಆದರೆ ನಿಮ್ಮ ಮನೆಯ ಹಿಂದಿನ ಮರ ಯಾವ ಕಡೆಗೆ ಬಿತ್ತು ಎಂಬುದು ವಿಜ್ಞಾನಿಗಳಿಗಿಂತ ನಿಮಗೇ ಚೆನ್ನಾಗಿ ಗೊತ್ತು.

ಗೋವಾದ ರೈತರು ಹಿಂದಿನಿಂದಲೂ ಹೀಗೆ ನೋಡಿ ಕಲಿತವರು. ನದಿಯ ದಂಡೆಯ ಗದ್ದೆಗಳಿಗೆ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದರು. ಉಪ್ಪು ಮಣ್ಣಿನಲ್ಲೂ ಬೆಳೆಯುವ ‘ಕೊರ್ಗುಟ್’ ಭತ್ತವನ್ನು ಉಳಿಸಿಕೊಂಡರು.

ಆದ್ದರಿಂದ ಮಕ್ಕಳೇ, ನಿಮ್ಮ ಶಾಲೆಯಲ್ಲಿ ಒಂದು ವಹಿ ಇಡಿ. ಗಾಳಿ ನಿಂತ ಮೇಲೆ ಗುರುಗಳೊಂದಿಗೆ ಊರು ಸುತ್ತಿರಿ. ತುಂಡಾದ ವಿದ್ಯುತ್ ತಂತಿಯ ಹತ್ತಿರ ಮಾತ್ರ ಹೋಗಬೇಡಿ. ಬಿದ್ದ ಮರ ಯಾವುದು, ಎಷ್ಟು ಹಳೆಯದು, ಪಕ್ಕದ ಮರ ಏಕೆ ಬೀಳಲಿಲ್ಲ ಎಂದು ಹಿರಿಯರನ್ನು ಕೇಳಿರಿ. ಯಾರ ಕೆಲಸ ನಿಂತಿದೆ ಎಂಬುದನ್ನೂ ಬರೆಯಿರಿ. ಗಾಳಿಯನ್ನು ತಡೆಯಲು ನಮ್ಮಿಂದ ಆಗದು. ಆದರೆ ಅದು ಮಾಡಿದ ಹಾನಿಯನ್ನು ಮರೆಯದೆ ಇರುವುದು ನಮ್ಮ ಕೈಯಲ್ಲಿದೆ.